ನಕಲು ಮಾಡಿದ ಓರೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಆಮೇಲೆ ಬೇರೆಯವರ ಬಾಯಿಂದ ಕೇಳುವುದು ಬೇಡ. ನಮ್ಮ ಫಿಸಿಕ್ಸ್ ಮೇಡಂಗೆ ತಮ್ಮ ಕಣ್ಣು ಕೆಡುತ್ತಿದೆ ಅಂತ ಗೊತ್ತಾಗುವುದು ಒಂದು ವರ್ಷ ತಡವಾಯಿತು, ಆ ತಡಕ್ಕೆ ಕಾರಣ ನಾನು. ಕಣ್ಣಿಗೆ ಮಣ್ಣೆರಚುವುದು ಅನ್ನುತ್ತಾರಲ್ಲ, ಅದಕ್ಕೆ ಕನಿಷ್ಠ ಬಗ್ಗಿ ಮಣ್ಣು ತೆಗೆಯುವ ಶ್ರಮವಾದರೂ ಬೇಕು. ನಾನು ಕೂತಲ್ಲೇ ಮಾಡಿದೆ. ನನಗೆ ಬರುವುದು ಒಂದೇ ವಿದ್ಯೆ, ನಕಲು ಮಾಡುವುದು. ಅದನ್ನೇ ಮಾಡಿದೆ.

ನಾನು ಕೊಪ್ಪದವನು. ಆರತಕ್ಷತೆ, ಸಂಘದ ವಾರ್ಷಿಕೋತ್ಸವ, ಯಾರದೋ ಬೀಳ್ಕೊಡುಗೆ, ಎಲ್ಲಿ ಮೈಕ್ ಇದೆಯೋ ಅಲ್ಲಿ ನಾನಿದ್ದೇನೆ. ನಮ್ಮ ಬಸ್‌ಸ್ಟ್ಯಾಂಡಿನ ಕಂಡಕ್ಟರು "ಜಯಪುರಾ ಶೃಂಗೇರೀ" ಅಂತ ಮೂಗಿನಲ್ಲಿ ಎಳೆಯುವುದನ್ನು ನಾನು ಮಾಡಿದರೆ, ಜನ ನಿಜಕ್ಕೂ ಬ್ಯಾಗು ಎತ್ತಿಕೊಂಡು ಏಳುತ್ತಾರೆ. ಅಡುಗೆ ಭಟ್ಟರು, ಪಂಚಾಯಿತಿ ಮೆಂಬರು, ಮದುಮಗನ ಸೋದರಮಾವ, ಯಾರನ್ನೂ ಬಿಟ್ಟವನಲ್ಲ. ನನ್ನ ಸ್ವಂತ ದನಿ ಹೇಗಿದೆ ಅಂತ ಕೇಳಿದರೆ ಮಾತ್ರ ಸ್ವಲ್ಪ ಯೋಚನೆ ಮಾಡಬೇಕಾಗುತ್ತದೆ. ಬಿ.ಎಸ್ಸಿ. ಪಾಸಾದದ್ದು ನನಗೂ ಪೇಪರ್ ತಿದ್ದಿದವರಿಗೂ ಇವತ್ತಿಗೂ ಆಶ್ಚರ್ಯ.

ಪಾಸು ಮಾಡಿಸಿದವರು ಮೇಡಂ. ಎನ್.ಆರ್. ಪುರದ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ನನಗಿಂತ ಏಳೆಂಟು ವರ್ಷಕ್ಕೆ ದೊಡ್ಡವರು ಅಷ್ಟೆ. ಊರು ಶೃಂಗೇರಿ, ವೈದಿಕರ ಮನೆ. ಅಪ್ಪ ಪಂಚಾಂಗ ಬಿಡಿಸಿ ಗ್ರಹಗತಿ ಹೇಳುವವರು. ಮಗಳು ಗ್ರಹಗಳೆಲ್ಲ ತೀರಾ ಪಕ್ಕದ ಮನೆಯಾಯಿತು ಅಂತ ಗ್ಯಾಲಕ್ಸಿಗೆ ಹೋದವರು. ವಾರವೆಲ್ಲ ಎನ್.ಆರ್. ಪುರದಲ್ಲಿ ಬಾಡಿಗೆ ರೂಮು, ಶನಿವಾರ ಮಧ್ಯಾಹ್ನ ಸ್ಕೂಟರ್ ಹತ್ತಿ ಊರಿಗೆ. ಪಾಠದ ಜೊತೆಗೇ ಪಿಎಚ್.ಡಿ. ಮಾಡುತ್ತಿದ್ದರು. ಸುರುಳಿ ಗ್ಯಾಲಕ್ಸಿಗಳು ಎಷ್ಟು ಜೋರಾಗಿ ತಿರುಗುತ್ತವೆ ಅಂತ ಅಳೆದು, ಅವು ಎಷ್ಟು ದೂರ ಇವೆ ಅಂತ ಹೇಳುವ ಕೆಲಸ.

ತಿರುಗುವುದಕ್ಕೂ ದೂರಕ್ಕೂ ಎಂತ ಸಂಬಂಧ ಅಂತ ನಾನೂ ಕೇಳಿದ್ದೆ. ಡಿಗ್ರಿ ಮುಗಿಸಿ ಮೈಕ್ ಸಿಗದ ದಿನಗಳಲ್ಲಿ ಲ್ಯಾಬಿನಲ್ಲಿ ಸುಮ್ಮನೆ ಕೂರುತ್ತಿದ್ದ ಕಾಲ ಅದು. ಮೇಡಂ ನನ್ನ ಭಾಷೆಯಲ್ಲೇ ಹೇಳಿಕೊಟ್ಟರು.

"ಎದುರಿಂದ ಬರುವ ಬಸ್ಸಿನ ಹಾರ್ನ್ ಮಾಡು."

ಮಾಡಿದೆ.

"ದಾಟಿ ಹೋಗುವ ಬಸ್ಸಿಂದು ಮಾಡು."

ಸ್ವರ ಇಳಿಸಿ ಮಾಡಿದೆ.

"ಈಗ ಎರಡೂ ಒಟ್ಟಿಗೆ ಮಾಡು."

"ಅದಕ್ಕೆ ಎರಡು ಬಾಯಿ ಬೇಕಾಗ್ತದೆ ಮೇಡಂ."

"ಗ್ಯಾಲಕ್ಸಿಗೆ ಇದೆ ಮಾರಾಯ."

ತಿರುಗುವ ಗ್ಯಾಲಕ್ಸಿಯ ಒಂದು ಅಂಚು ನಮ್ಮ ಕಡೆ ಬರುತ್ತಿರುತ್ತದೆ, ಇನ್ನೊಂದು ನಮ್ಮಿಂದ ಆಚೆ ಹೋಗುತ್ತಿರುತ್ತದೆ. ಅದರ ಹೈಡ್ರೋಜನ್ ಕಳಿಸುವ ರೇಡಿಯೊ ಅಲೆಯಲ್ಲಿ ಒಂದು ಅಂಚಿನ ಸ್ವರ ಏರಿರುತ್ತದೆ, ಇನ್ನೊಂದರದ್ದು ಇಳಿದಿರುತ್ತದೆ. ಎರಡರ ನಡುವಿನ ಅಂತರ ಹೆಚ್ಚಿದಷ್ಟೂ ವೇಗ ಹೆಚ್ಚು. ವೇಗವಾಗಿ ತಿರುಗುವುದು ತೂಕದ ಗ್ಯಾಲಕ್ಸಿ, ತೂಕದ್ದು ನಿಜದಲ್ಲಿ ಹೆಚ್ಚು ಬೆಳಗುತ್ತದೆ. ಅಷ್ಟು ಬೆಳಗಬೇಕಾದದ್ದು ನಮಗೆ ಮಿಣುಕಾಗಿ ಕಂಡರೆ ಅದು ದೂರ ಇದೆ ಅಂತ ಅರ್ಥ. ನಮ್ಮಲ್ಲಿ ಕೂಗಳತೆ ಅನ್ನುವುದಿಲ್ಲವೆ, ಅದೇ ಲೆಕ್ಕ. ಗಂಟಲು ಎಷ್ಟು ದೊಡ್ಡದು ಅಂತ ಗೊತ್ತಿದ್ದರೆ, ಕೂಗು ಎಷ್ಟು ಸಣ್ಣಗೆ ಕೇಳಿತು ಅನ್ನುವುದರಿಂದ ಆಸಾಮಿ ಯಾವ ಗುಡ್ಡದಾಚೆ ಇದ್ದಾನೆ ಅಂತ ಹೇಳಬಹುದು.

ತಕರಾರು ಇರುವುದು ಓರೆಯಲ್ಲಿ. ಗ್ಯಾಲಕ್ಸಿ ಒಂದು ಊಟದ ತಟ್ಟೆ ಅಂತ ಇಟ್ಟುಕೊಳ್ಳಿ. ತಟ್ಟೆಯ ಮುಖ ಪೂರ್ತಿ ನಮ್ಮ ಕಡೆ ಇದ್ದರೆ ಅದು ಎಷ್ಟೇ ತಿರುಗಲಿ, ಯಾವ ಅಂಚೂ ಹತ್ತಿರ ಬರುವುದಿಲ್ಲ, ಯಾವುದೂ ದೂರ ಹೋಗುವುದಿಲ್ಲ, ಸ್ವರ ಏರಿಳಿಯುವುದಿಲ್ಲ. ಅಂಚಿನಿಂದ ನೋಡಿದರೆ ವೇಗ ಪೂರ್ತಿ ಸಿಗುತ್ತದೆ. ಮಧ್ಯದ ಓರೆಯಲ್ಲಿದ್ದರೆ ಸ್ವಲ್ಪ ಮಾತ್ರ. ಹಾಗಾಗಿ ಪ್ರತಿ ಗ್ಯಾಲಕ್ಸಿಯೂ ಎಷ್ಟು ಓರೆಯಾಗಿದೆ ಅಂತ ಗೊತ್ತಾಗದೆ ಲೆಕ್ಕ ಮುಂದೆ ಹೋಗುವುದಿಲ್ಲ. ಆಶ್ಚರ್ಯ ಏನೆಂದರೆ, ಅದನ್ನು ಹೇಳಲು ಮನುಷ್ಯನ ಕಣ್ಣು ಇವತ್ತಿಗೂ ಒಳ್ಳೆಯ ಸಾಧನ. ಸ್ಕ್ರೀನಿನ ಬದಿಯಲ್ಲಿ ಓರೆ ಗೊತ್ತಿರುವ ಮಾದರಿ ಚಿತ್ರಗಳಿರುತ್ತವೆ. ಅವಕ್ಕೆ ಹೋಲಿಸಿ ಇದು ಐವತ್ತೈದು ಡಿಗ್ರಿ, ಇದು ಎಪ್ಪತ್ತು ಅಂತ ಹಾಕುತ್ತಾ ಹೋಗಬೇಕು; ತಟ್ಟೆ ತೆಳ್ಳಗೆ ಕಂಡಷ್ಟೂ ಡಿಗ್ರಿ ಹೆಚ್ಚು. ಒಬ್ಬರ ಕಣ್ಣು ತಪ್ಪಬಹುದಾದ್ದರಿಂದ ಇಬ್ಬರು ಬೇರೆ ಬೇರೆಯಾಗಿ ನೋಡಬೇಕು. ಒಬ್ಬರದ್ದು ಇನ್ನೊಬ್ಬರಿಗೆ ಗೊತ್ತಾಗಬಾರದು. ಇಡೀ ಕೆಲಸದಲ್ಲಿ ಇದ್ದ ಷರತ್ತು ಇದೊಂದೇ.

ಮೇಡಂ ಒಂದು ಕಣ್ಣು, ನಾನು ಇನ್ನೊಂದು.

ಕಾಲೇಜು ಬಿಟ್ಟ ಮೇಲೆ ಲ್ಯಾಬಿನಲ್ಲಿ ಒಂದೇ ಕಂಪ್ಯೂಟರ್. ಮೊದಲು ಮೇಡಂ ನೋಡುತ್ತಿದ್ದರು, ಆಮೇಲೆ ನಾನು. ಅವರು ನೋಡುವಾಗ ನಾನು ಕಿಟಕಿ ಕಡೆ ತಿರುಗಿ ಕೂರಬೇಕು. ಕೂರುತ್ತಿದ್ದೆ. ಆದರೆ ಸಂಜೆಗೆ ಕಿಟಕಿಯ ಗಾಜು ಕನ್ನಡಿಯಾಗುತ್ತದೆ. ಅದರಲ್ಲಿ ಮೇಡಂ ಮುಖ, ಕುತ್ತಿಗೆ, ತುಟಿ ಎಲ್ಲ ಕಾಣುತ್ತಿತ್ತು. ಮೇಡಂಗೆ ನಂಬರ್ ಹಾಕುವ ಮೊದಲು ಅದನ್ನು ತುಟಿಯಲ್ಲೇ ಹೇಳಿಕೊಳ್ಳುವ ಅಭ್ಯಾಸ. ಊರಿನ ಅರ್ಧ ಜನರ ತುಟಿ ಕದ್ದು ಬದುಕುವವನಿಗೆ 'ಅರವತ್ತೆಂಟು' ಓದುವುದು ಯಾವ ಮಹಾ ಕೆಲಸ? ನನ್ನ ಸರದಿ ಬಂದಾಗ ಅರವತ್ತೇಳು ಹಾಕುತ್ತಿದ್ದೆ. ಒಮ್ಮೊಮ್ಮೆ ಎಪ್ಪತ್ತು, ಅನುಮಾನ ಬಾರದ ಹಾಗೆ. ಸೋಮಾರಿತನ ಅಂದರೂ ಸರಿ. ಆದರೆ ನಿಜ ಹೇಳುವುದಾದರೆ, ನನಗೆ ಗ್ಯಾಲಕ್ಸಿಗಿಂತ ಮೇಡಂ ಹತ್ತಿರ "ಸರಿ ಇದೆ" ಅನ್ನಿಸಿಕೊಳ್ಳುವುದು ಮುಖ್ಯವಾಗಿತ್ತು. ಎರಡೂ ಪಟ್ಟಿ ಹೋಲಿಸಿದ ದಿನ ಅವರು ಖುಷಿಯಾಗಿ, "ಎಂತ ಮಾರಾಯ, ನಿನ್ನ ಕಣ್ಣೂ ನನ್ನ ಕಣ್ಣೂ ಒಂದೇ ಅಚ್ಚು!" ಅಂದರು. ಕೊಪ್ಪಕ್ಕೆ ಹೋಗುವ ಬಸ್ಸಿನಲ್ಲಿ ಶೆಟ್ಟಿಕೊಪ್ಪ ದಾಟುವವರೆಗೂ ನನ್ನ ಹಲ್ಲು ಒಳಗೆ ಹೋಗಿರಲಿಲ್ಲ.

ಇದಕ್ಕಿಂತ ಕೆಟ್ಟದ್ದು ಕಾಲೇಜ್ ಡೇ ದಿನ ಮಾಡಿದ್ದು. ಗಾಜಿನಲ್ಲಿ ತಿಂಗಳುಗಟ್ಟಲೆ ನೋಡಿದ್ದೆನಲ್ಲ, ಮೇಡಂ ಸ್ಕ್ರೀನ್ ನೋಡುವ ಭಂಗಿ ನನಗೆ ಬಾಯಿಪಾಠವಾಗಿತ್ತು. ಕುತ್ತಿಗೆ ಬಲಗಡೆ ವಾಲುವುದು, ಎಡಗಣ್ಣು ಕಿರಿದಾಗುವುದು, ಮೂಗು ಸ್ಕ್ರೀನಿಗೆ ತಾಗುವಷ್ಟು ಬಗ್ಗುವುದು, ಕೊನೆಗೆ ಅಂಗೈಯಲ್ಲಿ ಕಣ್ಣುಜ್ಜುವುದು. ಹಳೇ ವಿದ್ಯಾರ್ಥಿ ಅಂತ ವೇದಿಕೆಗೆ ಕರೆದರು. ಒಂದು ಊಟದ ತಟ್ಟೆ ಹಿಡಿದುಕೊಂಡು ಇದಿಷ್ಟನ್ನೂ ಮಾಡಿದೆ. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಮುಂದಿನ ಸಾಲಿನಲ್ಲಿ ಮೇಡಂ ಕೂಡ ಕಣ್ಣೊರೆಸಿಕೊಂಡು ನಕ್ಕರು. ಎಡಗಣ್ಣನ್ನೇ ಜಾಸ್ತಿ ಒರೆಸಿಕೊಂಡರು. ಅದನ್ನೂ ಅಲ್ಲೇ ನೋಡಿ, ಅಲ್ಲೇ ಸೇರಿಸಿ, ಇನ್ನೊಂದು ಸಲ ಚಪ್ಪಾಳೆ ಹೊಡೆಸಿಕೊಂಡೆ.

ಲೆಕ್ಕ ಮುಗಿದಾಗ ಗ್ಯಾಲಕ್ಸಿಗಳು ಕೈಕೊಟ್ಟವು. ಆ ಚಿತ್ರಗಳೆಲ್ಲ ಒಂದೇ ಗುಂಪಿನ ಗ್ಯಾಲಕ್ಸಿಗಳದ್ದು, ಒಂದೇ ವಠಾರದ ಮನೆಗಳ ಹಾಗೆ; ದೂರ ಹೆಚ್ಚುಕಡಿಮೆ ಒಂದೇ ಬರಬೇಕು. ಬರಲಿಲ್ಲ. ಚಿತ್ರದಲ್ಲಿ ನೆಟ್ಟಗೆ ನಿಂತವೆಲ್ಲ ಹತ್ತಿರ, ಅಡ್ಡ ಮಲಗಿದವೆಲ್ಲ ದೂರ. ಬೆಂಗಳೂರಿನಲ್ಲಿದ್ದ ಅವರ ಗೈಡ್ ಫೋನ್ ಸ್ಪೀಕರಿನಲ್ಲಿ ಹೇಳಿದ್ದು ನಾನೂ ಕೇಳಿಸಿಕೊಂಡೆ. "ಆಕಾಶಕ್ಕೆ ನಿಮ್ಮ ಎನ್.ಆರ್. ಪುರದ ಮೇಲೆ ಯಾವುದು, ಕೆಳಗೆ ಯಾವುದು ಅಂತ ಗೊತ್ತಿಲ್ಲಮ್ಮಾ. ಅಳತೆಯಲ್ಲೇ ಏನೋ ಎಳೆದ ಹಾಗಿದೆ. ಒಬ್ಬರ ಕಣ್ಣು ಅನ್ನೋಣ ಅಂದ್ರೆ ಇಬ್ಬರದ್ದೂ ಒಂದೇ ಬಂದಿದೆ. ಮಾನಿಟರ್ ಬದಲಾಯಿಸಿ ನೋಡಿ."

ಇಬ್ಬರದ್ದೂ ಒಂದೇ ಬಂದಿದೆ. ಆಗಲೇ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆಫೀಸಿನಿಂದ ಬೇರೆ ಮಾನಿಟರ್ ಹೊತ್ತು ತಂದವನೂ ನಾನೇ. ಅದರಲ್ಲಿ ಮತ್ತೆ ಅವರು ಅಳೆದರು, ಮತ್ತೆ ನಾನು ಗಾಜು ನೋಡಿದೆ. ಆ ಹೊತ್ತಿಗೆ ನನ್ನ ಹಳೇ ಸುಳ್ಳನ್ನು ಸರಿದೂಗಿಸುವುದೇ ನನ್ನ ಉದ್ಯೋಗವಾಗಿತ್ತು. ಫಲಿತಾಂಶ ಮತ್ತೆ ಅದೇ. ಮೇಡಂ ಮಂಕಾದರು. ತಲೆನೋವು ಅನ್ನತೊಡಗಿದರು. ಶನಿವಾರ ಸ್ಕೂಟರ್ ಬಿಟ್ಟು ಬಸ್ಸಿಗೆ ಹೋಗತೊಡಗಿದರು. ಎದುರಿನ ಗಾಡಿಯ ಲೈಟು ಬಾಲ ಬಿಟ್ಟ ಹಾಗೆ ಕಾಣ್ತದೆ, ಓದಿ ಓದಿ ಆಯಾಸ ಇರಬೇಕು ಅಂದರು. ನಾನು ಧೂಮಕೇತುವಿನ ಬಗ್ಗೆ ಏನೋ ಜೋಕ್ ಹೊಡೆದೆ.

ಕೊನೆಗೊಂದು ಸಂಜೆ, "ಇವತ್ತು ನೀನೊಬ್ಬನೇ ಮಾಡು. ನಾನು ಹೊರಗೆ ಜಗಲಿಯಲ್ಲಿ ಕೂತಿರ್ತೇನೆ, ತಲೆ ಸಿಡೀತಾ ಇದೆ" ಅಂತ ಎದ್ದು ಹೋದರು. ಗಾಜಿನಲ್ಲಿ ಈಗ ನನ್ನ ಮುಖ ಮಾತ್ರ. ನಕಲು ಮಾಡಲು ಯಾರೂ ಇಲ್ಲ. ಮೊದಲ ಸಲ ಗ್ಯಾಲಕ್ಸಿಯನ್ನು ನಿಜವಾಗಿ ನೋಡಿದೆ. ಮೇಡಂ ಎಪ್ಪತ್ತನಾಲ್ಕು ಹಾಕಿದ್ದ, ನಿಂತ ಗ್ಯಾಲಕ್ಸಿ ನನಗೆ ಎಷ್ಟು ತಿಪ್ಪರಲಾಗ ಹಾಕಿದರೂ ಅರವತ್ತರ ಮೇಲೆ ಹೋಗಲಿಲ್ಲ. ಮಲಗಿದವು ಅವರು ಹಾಕಿದ್ದಕ್ಕಿಂತ ತೆಳ್ಳಗೆ ಕಂಡವು. ಬಂದ ಹಾಗೇ ಹಾಕಿದೆ.

ಮೇಡಂ ಬಂದು ನೋಡಿದರು. ಹಳೇ ಪಟ್ಟಿ ತೆಗೆದು ಪಕ್ಕಕ್ಕಿಟ್ಟು ಒಂದೊಂದೇ ಸಾಲು ಹೋಲಿಸಿದರು.

"ಇದು ನಿಂದಾ?"

"ಹೌದು."

"ಹಾಗಾದ್ರೆ ಮೊದಲಿಂದು ಯಾರದ್ದು?"

ಉತ್ತರ ಕೊಡಲು ಬಾಯಿ ತೆಗೆದೆ. ಬಂದದ್ದು ಕಂಡಕ್ಟರ್ ದನಿ. ಬೇಕಂತ ಮಾಡಿದ್ದಲ್ಲ, ಹೆದರಿದಾಗ ಬಾಯಿಗೆ ಅದೇ ಬಂತು.

"ನಿನ್ನ ದನಿಯಲ್ಲಿ ಹೇಳು" ಅಂದರು.

ಹೇಳಿದೆ. ಗಾಜು, ತುಟಿ, ಎಲ್ಲ. ಬೈಯುತ್ತಾರೆ ಅಂತ ಕಾದೆ. ಅವರು ನನ್ನ ಕಡೆ ನೋಡಲೇ ಇಲ್ಲ. ಬಲಗಣ್ಣಿಗೆ ಕೈ ಅಡ್ಡ ಹಿಡಿದು ಸ್ಕ್ರೀನ್ ನೋಡಿದರು. ಆಮೇಲೆ ಎಡಗಣ್ಣಿಗೆ ಹಿಡಿದರು. ಮತ್ತೆ ಬಲಗಣ್ಣಿಗೆ. "ಎಡಗಣ್ಣಲ್ಲಿ ಇದು ಬರೀ ಗೆರೆ" ಅಂದರು, ಯಾರಿಗೂ ಹೇಳದ ಹಾಗೆ.

ಶಿವಮೊಗ್ಗದ ಕಣ್ಣಿನ ಆಸ್ಪತ್ರೆಗೆ ಜೊತೆಗೆ ನಾನೂ ಹೋದೆ. ಕರೆಯಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕರಿಗುಡ್ಡೆಯ ಮುಂದಿನ ತಿಳಿ ಪದರ ತೆಳುವಾಗಿ, ಶಂಕುವಿನ ಹಾಗೆ ಮುಂದಕ್ಕೆ ಉಬ್ಬುತ್ತಿದೆಯಂತೆ. ಕಂಡದ್ದೆಲ್ಲ ಮೇಲೆ ಕೆಳಗೆ ಎಳೆದ ಹಾಗೆ ಕಾಣುವುದು ಅದಕ್ಕೇ. ನಿಂತ ಗ್ಯಾಲಕ್ಸಿ ತೆಳ್ಳಗಾಗಿ ಹತ್ತಿರ ಬಂದದ್ದು, ಮಲಗಿದ್ದು ದಪ್ಪಗಾಗಿ ದೂರ ಹೋದದ್ದು, ಎಲ್ಲ ಅದಕ್ಕೇ. ಬಲಗಣ್ಣಿಗೆ ಈಗಷ್ಟೇ ಶುರು, ಅದನ್ನು ಗಟ್ಟಿ ಮಾಡಿ ನಿಲ್ಲಿಸಬಹುದು. ಎಡಗಣ್ಣು ಆ ಚಿಕಿತ್ಸೆ ತಡೆಯಲಾರದಷ್ಟು ತೆಳುವಾಗಿಬಿಟ್ಟಿದೆ. ಗಟ್ಟಿ ಲೆನ್ಸ್ ಹಾಕಿ ದಿನ ದೂಡಬೇಕು, ಮುಂದೆ ಬೇರೆ ಪದರ ಕಸಿ ಮಾಡಬೇಕಾಗಬಹುದು.

"ಒಂದು ವರ್ಷ ಮೊದಲು ಬಂದಿದ್ರೆ ಎರಡೂ ಉಳೀತಿತ್ತು" ಅಂದರು ಡಾಕ್ಟರು. "ಕುತ್ತಿಗೆ ಹೀಗೆ ವಾಲಿಸಿ ನೋಡ್ತೀರಲ್ಲ, ಮನೆಯಲ್ಲಿ, ಕಾಲೇಜಲ್ಲಿ ಯಾರೂ ಗಮನಿಸಲಿಲ್ವಾ?"

"ಗಮನಿಸಿದ್ದಾರೆ ಡಾಕ್ಟ್ರೇ" ಅಂದರು ಮೇಡಂ. "ಸ್ಟೇಜ್ ಮೇಲೆ ಮಾಡಿಯೂ ತೋರಿಸಿದ್ದಾರೆ."

ಡಾಕ್ಟರಿಗೆ ಅರ್ಥವಾಗಲಿಲ್ಲ. ನಾನು ಗೋಡೆಯ ಮೇಲಿನ ಅಕ್ಷರಗಳ ಚಾರ್ಟ್ ನೋಡುತ್ತಾ ಕೂತೆ. ಕೊನೇ ಸಾಲಿನವರೆಗೂ ಸ್ಪಷ್ಟವಾಗಿ ಕಾಣುತ್ತಿತ್ತು, ಅದೇ ಸಂಕಟ.

ಬಲಗಣ್ಣಿನ ಚಿಕಿತ್ಸೆ ಆಗಿ ಕೆಲವು ವಾರದ ಮೇಲೆ ಶೃಂಗೇರಿಗೆ ಹೋದೆ. ಮೇಡಂ ಕಪ್ಪು ಕನ್ನಡಕ ಹಾಕಿಕೊಂಡು ಹಜಾರದಲ್ಲಿ ಕೂತಿದ್ದರು. ಪರದೆ ಎಳೆದಿತ್ತು. ಸ್ಕೂಟರನ್ನು ಯಾರೋ ಸಂಬಂಧಿಕರು ತೆಗೆದುಕೊಂಡು ಹೋಗಿದ್ದರು, ಅದು ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆ ಕಲೆ ಮಾತ್ರ ಇತ್ತು. ಅವರ ಅಮ್ಮ ಕಾಫಿ ಕೊಟ್ಟು, "ಕೂತ್ಕ ಮಾಣಿ, ಅವಳನ್ನ ಸ್ವಲ್ಪ ನಗಿಸು" ಅಂತ ಒಳಗೆ ಹೋದರು. ನಾನು ಮಾಡಿದ್ದನ್ನು ಮೇಡಂ ಮನೆಯಲ್ಲಿ ಹೇಳಿರಲಿಲ್ಲ ಅಂತ ಆಗ ಗೊತ್ತಾಯಿತು.

ಪಿಎಚ್.ಡಿ. ಪ್ರಬಂಧದ ಕತೆ ಕೇಳಿದೆ. ಅಳತೆಯೆಲ್ಲ ಮೊದಲಿಂದ ಆಗಬೇಕು, ಗೈಡ್ ಇನ್ನಷ್ಟು ಅವಧಿ ಕೇಳಿ ನೋಡುತ್ತಾರಂತೆ, ಸಿಗುವ ಭರವಸೆ ಇಲ್ಲವಂತೆ. ಬಸ್ಸಿನಲ್ಲಿ ಉದ್ದಕ್ಕೂ ಜೋಡಿಸಿಕೊಂಡು ಬಂದ ಮಾತನ್ನು ಆಗ ಹೇಳಿದೆ. ಯಾರ ದನಿಯೂ ಅಲ್ಲ, ನನ್ನದೇ.

"ಮೇಡಂ, ಇನ್ನು ನೀವು ಸ್ಕ್ರೀನ್ ನೋಡುವುದೇ ಬೇಡ. ಎಲ್ಲ ನಾನೇ ಅಳೀತೇನೆ. ನನ್ನ ಕಣ್ಣನ್ನೇ ನಿಮ್ಮ ಕಣ್ಣು ಅಂತ ತಿಳ್ಕೊಳ್ಳಿ."

ಕಪ್ಪು ಕನ್ನಡಕ ನನ್ನ ಕಡೆ ತಿರುಗಿತು.

"ನನ್ನ ಕಣ್ಣು ನನ್ನ ಹತ್ರವೇ ಎರಡಿತ್ತು ಮಾರಾಯ. ನಾನು ಕೇಳಿದ್ದು ನಿಂದು."