ಮೈಸೂರು ಸಲಾಂ

ಆಗೆಲ್ಲ ಮಲೇಷಿಯಾದ ಪುಚೊಂಗ್‌ನ ನಮ್ಮ ಮನೆಯಲ್ಲಿ ಬೆಳಗಾಗುತ್ತಿದ್ದದ್ದು ಸ್ಯಾನಿಟೈಜರ್ ವಾಸನೆಯಿಂದ. ಲಾಕ್‌ಡೌನ್ ಕಾಲ, ನನಗೆ ಹನ್ನೊಂದು ವರ್ಷ. ಅಪ್ಪ ಮಲಗುವ ಕೋಣೆಯಲ್ಲಿ ಆಫೀಸು ತೆರೆದಿದ್ದರು, ಅಮ್ಮ ಊಟದ ಮೇಜಿನ ಮೇಲೆ. ಸೈಬರ್‌ಜಯಾದ ಎರಡು ಕಂಪನಿಗಳು ನಮ್ಮ ಮನೆಗೇ ಬಂದು ಕೂತಿದ್ದವು. ಒಂದು ಚಮಚ ಕೆಳಗೆ ಬಿದ್ದರೂ ಎರಡೂ ಕಡೆಯಿಂದ "ಶ್, ಕಾಲ್‌ನಲ್ಲಿದೀನಿ" ಎಂದು ಗದರಿಕೆ ಬರುತ್ತಿತ್ತು. ಆ ವರ್ಷ ಮಕ್ಕಳಾಗಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಸೆರೆಮನೆಯಲ್ಲಿ ನನ್ನ ಜೊತೆಗಾರನಾಗಿದ್ದವನು ನನ್ನ ತಾತ, ಅಂದರೆ ಅಮ್ಮನ ಅಪ್ಪ. ಒಂದು ತಿಂಗಳು ಇದ್ದು ಹೋಗೋಣವೆಂದು ಮೈಸೂರಿನಿಂದ ಬಂದವನು, ವಿಮಾನಗಳು ನಿಂತುಹೋಗಿ ಇಲ್ಲೇ ಸಿಕ್ಕಿಹಾಕಿಕೊಂಡಿದ್ದ. ಜೀವಮಾನವೆಲ್ಲ ಸರ್ಕಾರಿ ಗುಮಾಸ್ತನಾಗಿದ್ದ ಸಣಕಲು ಮನುಷ್ಯ. ಮೂಗಿನ ಮೇಲಿನ ಕನ್ನಡಕ ಜಾರಿದರೂ ಗಾಬರಿಯಾಗುತ್ತಿದ್ದ. ಆದರೆ ಮಧ್ಯಾಹ್ನ ನನ್ನ ಆನ್‌ಲೈನ್ ಕ್ಲಾಸು ಮುಗಿದು, ನಾವಿಬ್ಬರೂ ನಿಂಬೆಹಣ್ಣಿನ ಚಿತ್ರಾನ್ನ ತಿಂದು ಬಾಲ್ಕನಿಗೆ ಹೋದೆವೆಂದರೆ ಅವನು ಬೇರೆಯೇ ಆಗಿಬಿಡುತ್ತಿದ್ದ. ಲುಂಗಿಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ ತನ್ನ ಅಪ್ಪನ ಕಥೆ ಶುರುಮಾಡುತ್ತಿದ್ದ.

ತಾತನ ಅಪ್ಪ, ನನ್ನ ಮುತ್ತಾತ, ಗರಡಿ ನಂಜಪ್ಪ. ಮೈಸೂರಿನ ಗರಡಿಯಲ್ಲಿ ಕುಸ್ತಿ ಕಲಿತವನು. ಬೆಂಗಳೂರಿನ ದಂಡಿನಲ್ಲಿ ಯಾರೋ ಬಿಳಿಯ ಸಾರ್ಜೆಂಟು ಅವನ ಭುಜ ನೋಡಿ ಕೈಗೆ ಗ್ಲೌಸು ತೊಡಿಸಿದನಂತೆ. ಅಲ್ಲಿಂದ ಹಡಗು ಹತ್ತಿ ಮಲಯಾಕ್ಕೆ ಬಂದ. ಅಂದಿನ ಮನೋರಂಜನಾ ಪಾರ್ಕುಗಳಲ್ಲಿ ಬಾಕ್ಸಿಂಗ್ ರಿಂಗು ಇರುತ್ತಿತ್ತು. ಕೌಲಾಲಂಪುರ, ಈಪೋ, ಪೆನಾಂಗ್, ಎಲ್ಲ ಕಡೆಯೂ ಗೆದ್ದ. ರಬ್ಬರ್ ತೋಟದ ಜನ ಅವನ ಆಟ ನೋಡಲು ಲಾರಿ ಮಾಡಿಕೊಂಡು ಬರುತ್ತಿದ್ದರಂತೆ. ಆಮೇಲೆ ಅವನು ಊರಿಗೆ ಮರಳಿ ಸೌದೆ ಡಿಪೋ ಇಟ್ಟದ್ದನ್ನು ಮಾತ್ರ ತಾತ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದ.

"ನಮ್ಮಪ್ಪ ನೆಟ್ಟಗೆ ನಿಲ್ತಾನೇ ಇರಲಿಲ್ಲ ಪುಟ್ಟಿ," ಎಂದು ತಾತ ಬಾಲ್ಕನಿಯಲ್ಲಿ ಬಗ್ಗಿ ನಿಲ್ಲುತ್ತಿದ್ದ. "ಕುಸ್ತಿಯವನಲ್ವಾ, ಸೊಂಟ ಕೆಳಗೆ. ಎರಡು ಕೈಯೂ ಎದೆಗೆ ಅಂಟಿಸ್ಕೊಂಡು ಹಿಂಗೇ ಸುತ್ತೋನು. ಎದುರಿನವನು ಹೊಡೀತಾ ಹೊಡೀತಾ ಸುಸ್ತಾಗ್ಬೇಕು. ಎಲ್ಲಾ ಭುಜದ ಮೇಲೇ ತಗೊಳ್ಳೋನು."

"Then why he didn't hit back?"

"ಹೊಡೀತಿದ್ದ, ಒಂದೇ ಒಂದು. ಪಕ್ಕೆಲುಬಿನ ಕೆಳಗೆ, ಇಲ್ಲಿ. ಮುಖಕ್ಕೆ ಮಾತ್ರ ಹೊಡೀತಿರಲಿಲ್ಲ. ಮುಖ ತಾಯಿ ಕೊಟ್ಟಿದ್ದು ಅನ್ನೋನು. ಆ ಒಂದು ಏಟು ತಿಂದೋನು ಮತ್ತೆ ಎದ್ದಿದ್ದೇ ಇಲ್ಲ."

ರಿಂಗಿಗೆ ಇಳಿಯುವ ಮುಂಚೆ ಮುತ್ತಾತ ಊರಿನಿಂದ ತಂದ ಗರಡಿಯ ಕೆಮ್ಮಣ್ಣನ್ನು ಚಿಟಿಕೆಯಷ್ಟು ಹಣೆಗೆ ಇಟ್ಟುಕೊಳ್ಳುತ್ತಿದ್ದನಂತೆ. ಎಲ್ಲ ಕಥೆಗಳೂ ಕೊನೆಗೆ ಕೌಲಾಲಂಪುರದ ದೊಡ್ಡ ಪಂದ್ಯಕ್ಕೆ ಬಂದು ಮುಟ್ಟುತ್ತಿದ್ದವು. ಎದುರಾಳಿ ಮನಿಲಾದಿಂದ ಬಂದ ಚಾಂಪಿಯನ್ನು. ಮುತ್ತಾತ ಸುತ್ತಿ ಸುತ್ತಿ ಆ ಒಂದು ಏಟು ಕೊಟ್ಟ. ಚಾಂಪಿಯನ್ನು ಅಂಗಾತ ಬಿದ್ದ. "ನಮ್ಮಪ್ಪ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ನಾಲ್ಕು ದಿಕ್ಕಿಗೂ ಸಲಾಂ ಹಾಕಿದ. ಅಲ್ಲಿಗೆ ಮುಗೀತು," ಎಂದು ತಾತ ತಾನೂ ನಾಲ್ಕು ದಿಕ್ಕಿಗೆ ಸಲಾಂ ಹಾಕುತ್ತಿದ್ದ. ಒಂದು ದಿಕ್ಕಿನಲ್ಲಿ ಎಕ್ಸ್‌ಪ್ರೆಸ್‌ವೇ, ಇನ್ನೊಂದರಲ್ಲಿ ನಮ್ಮ ಒಣಗುವ ಬಟ್ಟೆ. ನಾನು ಚಪ್ಪಾಳೆ ತಟ್ಟುತ್ತಿದ್ದೆ, ಒಳಗಿನಿಂದ ಅಮ್ಮ ಶ್ ಅನ್ನುತ್ತಿದ್ದಳು. ತಾತ ಮಲೇಷಿಯಾಕ್ಕೆ ಬಂದದ್ದು ಮಗಳನ್ನು ನೋಡಲು ಎನ್ನುವುದು ಅರ್ಧ ಸತ್ಯ. ಅಪ್ಪ ಗೆದ್ದ ಜಾಗವನ್ನು ಕಣ್ಣಾರೆ ನೋಡಬೇಕು, ಅಲ್ಲಿಯವರು ಯಾರಾದರೂ ಅವನ ಹೆಸರು ಹೇಳುವುದನ್ನು ಕಿವಿಯಾರೆ ಕೇಳಬೇಕು ಎಂಬುದು ಅವನ ಆಸೆಯಾಗಿತ್ತು.

ನಮ್ಮ ಎದುರು ಮನೆಯಲ್ಲಿ ಪೆರುಮಾಳ್ ಅಂಕಲ್ ಇದ್ದರು. ಇಲ್ಲೇ ರಬ್ಬರ್ ತೋಟದಲ್ಲಿ ಹುಟ್ಟಿ ಬೆಳೆದ ತಮಿಳರು. ಯಾರ ಮನೆಗೂ ಯಾರೂ ಹೋಗುವಂತಿರಲಿಲ್ಲವಾದ್ದರಿಂದ ಅವರು ತಮ್ಮ ಗ್ರಿಲ್ ಬಾಗಿಲಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಹಿಂದಿನಿಂದ ನೆತ್ತಿಲಿ ಮೀನು ಹುರಿಯುವ ವಾಸನೆ ಬರುತ್ತಿತ್ತು. ನಾನು ಕಾರಿಡಾರಿನಲ್ಲಿ ಕಲ್ಲಾಟ ಆಡುವಾಗ ಅವರೇ ನನ್ನ ಪ್ರೇಕ್ಷಕರು. ಒಂದು ಸಂಜೆ ಐದೂ ಕಲ್ಲು ಒಟ್ಟಿಗೆ ಎಸೆದೆ. ಎಲ್ಲ ಕೈಯೊಳಗೆ ಬಂದವು ಎಂದುಕೊಂಡು ಇನ್ನೊಂದು ಕೈ ಮೇಲೆತ್ತಿ ಕುಣಿಯುವಷ್ಟರಲ್ಲಿ ಒಂದು ಕಲ್ಲು ಜಾರಿ ಉರುಳಿತು.

"ಹಾಕಿಬಿಟ್ಟೆಯಲ್ಲ, ಮೈಸೂರು ಸಲಾಂ," ಎಂದು ಅಂಕಲ್ ತಮಿಳಿನಲ್ಲಿ ಹೇಳಿ ಹೊಟ್ಟೆ ಕುಲುಕಿಸಿ ನಕ್ಕರು.

ನನಗೆ ಹಿಗ್ಗೋ ಹಿಗ್ಗು. ಚಪ್ಪಲಿ ಕೂಡ ಬಿಡದೆ ಒಳಗೆ ಓಡಿದೆ. "ತಾತ, Perumal uncle knows! ಮೈಸೂರು ಸಲಾಂ ಅಂದ್ರು!"

ತಾತ ಓದುತ್ತಿದ್ದ ಪತ್ರಿಕೆಯನ್ನು ಮಡಿಸಿಟ್ಟ. ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡ. ತಲೆ ಬಾಚಿಕೊಂಡ. ಮಾಸ್ಕ್ ಕಟ್ಟಿಕೊಂಡು, ನನ್ನ ಕೈ ಹಿಡಿದು, ಎದುರು ಮನೆಯ ಗ್ರಿಲ್ ಮುಂದೆ ಮದುವೆ ಗಂಡಿನ ಹಾಗೆ ನಿಂತ. "ಅದೇನೋ ಮೈಸೂರು ಸಲಾಂ ಅಂದ್ರಂತೆ, ಏನ್ ಸಾರ್ ಅದು?" ಎಂದು ತನ್ನ ಹರಕು ತಮಿಳಿನಲ್ಲಿ ಕೇಳಿದ. ಮಾಸ್ಕಿನ ಒಳಗೆ ಅವನು ಆಗಲೇ ನಗುತ್ತಿದ್ದುದು ಕಣ್ಣಿನಲ್ಲೇ ಕಾಣುತ್ತಿತ್ತು.

ಪೆರುಮಾಳ್ ಅಂಕಲ್‌ಗೆ ಅಷ್ಟೇ ಸಾಕಾಗಿತ್ತು. ಕುರ್ಚಿಯಿಂದ ಎದ್ದೇ ಹೇಳಿದರು. "ನಮ್ಮಪ್ಪ ಕಣ್ಣಾರೆ ನೋಡಿದ್ದು ಸಾರ್. ಮೈಸೂರಿನವನೊಬ್ಬ ಇದ್ದನಂತೆ. ಹಣೆಗೆ ಕೆಂಪು ಮಣ್ಣು, ಆಮೆ ಥರ ಬಗ್ಗಿ ಸುತ್ತೋನಂತೆ. ಮನಿಲಾದವನಿಗೆ ಒಂದು ಕೊಟ್ಟ, ಅವನು ಬಿದ್ದ. ರೆಫರಿ ಎಣಿಸ್ತಾ ಇದಾನೆ. ನಮ್ಮ ಮೈಸೂರಿನವನಿಗೆ ಅದೆಲ್ಲ ಎಲ್ಲಿ ನೆನಪು? ಬೆನ್ನು ನೆಲಕ್ಕೆ ತಗುಲಿತಲ್ಲ, ಕುಸ್ತಿ ಗೆದ್ದ ಹಾಗೆ ಗೆದ್ದೆ ಅಂದುಕೊಂಡು, ಅವನ ಕಡೆಗೆ ಬೆನ್ನು ಮಾಡಿ ಜನಕ್ಕೆ ಸಲಾಂ ಹಾಕ್ತಾನೆ. ಒಂದು ದಿಕ್ಕು ಆಯ್ತು, ಎರಡು ಆಯ್ತು. ಮೂರನೇದಕ್ಕೆ ತಿರುಗಿದರೆ ಮನಿಲಾದವನು ಎದ್ದು ಮುಂದೇ ನಿಂತಿದಾನೆ. ದವಡೆಗೆ ಒಂದೇ ಏಟು. ರೆಫರಿ ಹತ್ತು ಎಣಿಸಿದರೂ ಇವನು ಏಳಲೇ ಇಲ್ಲ. ಅವತ್ತಿಂದ ನಮ್ಮ ತೋಟದಲ್ಲಿ ಯಾರಾದರೂ ಮುಗಿಯೋದಕ್ಕೆ ಮುಂಚೆ ಕುಣಿದರೆ, ಮೈಸೂರು ಸಲಾಂ ಹಾಕಬೇಡ ಅಂತಾರೆ." ಹೇಳುತ್ತಾ ಅವರು ಬಗ್ಗಿ, ಸುತ್ತಿ, ಸಲಾಂ ಹಾಕಿ, ಏಟು ತಿಂದವನ ಹಾಗೆ ಕುರ್ಚಿಯ ಮೇಲೆ ಧೊಪ್ಪೆಂದು ಕುಸಿದು ತೋರಿಸಿದರು. ನಿಂತ ಭಂಗಿ ಥೇಟ್ ತಾತನ ಭಂಗಿಯೇ.

ನಾನು ತಾತನ ಮುಖ ನೋಡಿದೆ. ಈಗ ಹೇಳುತ್ತಾನೆ, ಅವನು ನನ್ನ ಅಪ್ಪ ಎಂದು ಹೇಳುತ್ತಾನೆ ಎಂದು ಕಾದೆ. ಹೇಳದಿದ್ದರೆ ಸಾಕಪ್ಪ ಎಂದೂ ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ. ನನಗೆ ನಾಚಿಕೆಯಾಗಿತ್ತು.

ತಾತನೂ ನಕ್ಕ. ಅಂಕಲ್ ನಗುವಷ್ಟೇ ಹೊತ್ತು ನಕ್ಕ.

"ಯಾರೋ ಪಾಪ," ಎಂದ.

"ನಿಮ್ಮ ಊರಿನವನೇ ಅಲ್ವಾ ಸಾರ್, ಹೆಸರು ಗೊತ್ತಾ?"

"ಮೈಸೂರು ದೊಡ್ಡ ಊರು ಸಾರ್."

ಒಳಗೆ ಬಂದು ತಾತ ಕೈ ತೊಳೆದ. ಆಗ ಎಲ್ಲರೂ ತೊಳೆಯುತ್ತಿದ್ದರು, ಆದರೆ ಅವನು ಬಹಳ ಹೊತ್ತು ತೊಳೆದ. ನೀರಿನ ಕಡೆಗೇ ನೋಡುತ್ತಾ ಮೆಲ್ಲಗೆ ಹೇಳಿದ: "ನಮ್ಮಪ್ಪನೂ ಸಲಾಂ ಹಾಕಿದ್ದರ ತನಕ ಹೇಳಿ ನಿಲ್ಲಿಸಿಬಿಡೋನು ಪುಟ್ಟಿ. ಆಮೇಲೇನಾಯ್ತು ಅಂತ ನಾನು ಯಾವತ್ತೂ ಕೇಳಲೇ ಇಲ್ಲ." ನಲ್ಲಿ ನಿಲ್ಲಿಸಿ, "ಇವತ್ತು, ಅವನು ನನ್ನಪ್ಪ ಅಂತ ನಾನು ಹೇಳಲೂ ಇಲ್ಲ," ಎಂದ. ಅಮ್ಮನಿಗೆ ಏನೂ ತಿಳಿಯಲಿಲ್ಲ. ಅವಳು ಕಾಲ್‌ನಲ್ಲಿದ್ದಳು.

ಮರುದಿನ ಮಧ್ಯಾಹ್ನ ಬಾಲ್ಕನಿಗೆ ನಾನೊಬ್ಬಳೇ ಹೋದೆ. ಬಿಸಿಲು ಜಾಸ್ತಿ ಎಂದು ತಾತ ಒಳಗೇ ಉಳಿದ. ಓಡಾಟಕ್ಕೆ ಅನುಮತಿ ಸಿಕ್ಕಾಗ ಅಪ್ಪ ತಾವಾಗಿ "ಮಾವ, ಆ ಬಾಕ್ಸಿಂಗ್ ಜಾಗ ನೋಡೋಣ ಬನ್ನಿ, ಹಾಗೇ ಮಾಮಕ್ ಹೋಟೆಲಿನಲ್ಲಿ ಏನಾದ್ರೂ ತಪಾವ್ ಕಟ್ಟಿಸ್ಕೊಂಡು ಬರೋಣ" ಎಂದು ಕಾರಿನ ಕೀಲಿ ತೆಗೆದುಕೊಂಡರು. ತಾತ ಮಂಡಿನೋವಿನ ನೆಪ ಹೇಳಿದ. ವಿಮಾನ ಶುರುವಾದ ಕೂಡಲೇ ಊರಿಗೆ ಹೊರಟುಹೋದ. ಹೊರಡುವಾಗ ಪೆರುಮಾಳ್ ಅಂಕಲ್ ಗ್ರಿಲ್ ತೆರೆದು ಕೈಮುಗಿದರು, ಪಾಪ, ಒಳ್ಳೆಯ ಮನುಷ್ಯ. ತಾತ ತಲೆ ಎತ್ತಲಿಲ್ಲ.

ಈಗ ನಾನು ಕಾಲೇಜು ಓದುತ್ತಿದ್ದೇನೆ. ನಮ್ಮ ಕಾರಿಡಾರಿನ ಚಿಕ್ಕ ಮಕ್ಕಳು, ಚೀನೀಯರ ಮಕ್ಕಳೂ ಸೇರಿ, ಬ್ಯಾಡ್ಮಿಂಟನ್ ಆಡುವಾಗ "ಡೋಂಟ್ ಮೈಸೂರು ಸಲಾಂ ಲಾ" ಎಂದು ಕಿರುಚುತ್ತವೆ. ಅವು ಅದನ್ನು ಅಂಕಲ್‌ರಿಂದಲೇ ಕಲಿತಿರಬೇಕು. ಹಾಗೆ ನೋಡಿದರೆ ಮುತ್ತಾತನ ಸೋಲಿಗೆ ಸಾವಿಲ್ಲ. ಹೋದದ್ದು ಅವನ ಗೆಲುವುಗಳು. ಈಪೋದಲ್ಲಿ ಯಾರನ್ನು ಕೆಡವಿದ, ಪೆನಾಂಗ್‌ನಲ್ಲಿ ಎಷ್ಟು ಹೊತ್ತು ಸುತ್ತಿದ, ಆ ಒಂದು ಏಟಿಗೆ ಕಾಲನ್ನು ಹೇಗೆ ಊರುತ್ತಿದ್ದ ಎಂಬುದೆಲ್ಲ ತಾತನೊಬ್ಬನಿಗೇ ಗೊತ್ತಿತ್ತು. ನಾನು ಚಪ್ಪಾಳೆ ತಟ್ಟಿದೆನೇ ಹೊರತು ಸರಿಯಾಗಿ ಕಲಿಯಲಿಲ್ಲ.

ಕಳೆದ ರಜೆಯಲ್ಲಿ ಮೈಸೂರಿಗೆ ಹೋಗಿದ್ದೆ. ಊಟವಾದ ಮೇಲೆ ತಾತನ ಪಕ್ಕ ಕೂತು, ಈ ಸಲ ಕನ್ನಡದಲ್ಲೇ ಕೇಳಿದೆ: "ತಾತ, ಮುತ್ತಾತ ಹೆಂಗೆ ನಿಲ್ತಿದ್ರು, ಒಂದ್ಸಲ ತೋರಿಸು."

ತಾತ ಕನ್ನಡಕ ಒರೆಸಿಕೊಂಡ.

"ನಮ್ಮಪ್ಪ ಸೌದೆ ಡಿಪೋ ಇಟ್ಟಿದ್ದ ಪುಟ್ಟಿ," ಎಂದ. "ಕೂತೇ ಇರ್ತಿದ್ದ."