ಕೈ ನೋಡಿ ರೀಲು ಕೊಡುವಾಕೆ

ಬೆಳಗಿನ ಐದೂವರೆ. ಕೆರೆದಂಡೆಯ ಮೀನು ಹಿಡಿಯುವ ಸಾಮಾನಿನ ಅಂಗಡಿಯ ಶಟರ್ ಅರ್ಧ ಮಾತ್ರ ಎದ್ದಿದೆ. ಒಳಗೆ ಐವತ್ತೆಂಟರ ಹೆಂಗಸೊಬ್ಬರು ಹಳೇ ಟವೆಲ್ ಹಾಸಿಕೊಂಡು, ಗಾಳದ ದಾರ ಸುತ್ತುವ ಸ್ಪಿನ್ನಿಂಗ್ ರೀಲೊಂದರ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಇಡುತ್ತಿದ್ದಾರೆ. ಹಲ್ಲುಚಕ್ರಕ್ಕೆ ಗ್ರೀಸ್ ಸವರಿ, ಮತ್ತೆ ಜೋಡಿಸಿ, ಕಿವಿಯ ಹತ್ತಿರ ಹಿಡಿದು ತಿರುಗಿಸುತ್ತಾರೆ. "ಬೆಣ್ಣೆಯಿಂದ ಕೂದಲು ತೆಗೆದಂಗೆ ತಿರುಗ್ಬೇಕು ನೋಡಿ."

ದಂಡೆಯವರಿಗೆಲ್ಲ ಇವರು ರೀಲಕ್ಕ. ಗಂಡ ಬೆನ್ನುಮೂಳೆ ಮುರಿದುಕೊಂಡು ಮಲಗಿದ್ದಾಗ, ಇಪ್ಪತ್ತಾರು ವರ್ಷದ ಹಿಂದೆ, ಇಲ್ಲಿ ನೆಲ ಒರೆಸಲು ಸೇರಿದವರು. ಅಂಗಡಿಯವರು ಎಸೆದ ಕೆಟ್ಟ ರೀಲುಗಳನ್ನು ಮನೆಗೊಯ್ದು ಬಿಚ್ಚಿ ಬಿಚ್ಚಿ ಕಲಿತರು. "ಮೊದಲನೇದು ಜೋಡಿಸಿದಾಗ ಮೂರು ಸ್ಕ್ರೂ ಉಳಿದ್ವು. ಆದ್ರೂ ತಿರುಗ್ತಿತ್ತು. ನಂಗೆ ಧೈರ್ಯ ಬಂತು."

ಈಗ ದಿನಕ್ಕೆ ಎಂಟೊಂಬತ್ತು ರೀಲು ರಿಪೇರಿ. ಐದಾರು ಜನಕ್ಕೆ ಹೊಸದನ್ನು ಆರಿಸಿಕೊಡುವ ಕೆಲಸ. "ಗಂಡಸರು ಯಾರೂ ಇಲ್ವಾ?" ಎನ್ನುವವರು ಇಂದಿಗೂ ಇದ್ದಾರೆ. "ಇದಾರೆ, ಟೀ ಕುಡಿಯೋಕೆ ಹೋಗಿದಾರೆ. ಬಂದ್ಮೇಲೆ ಅವ್ರೂ ನನ್ನೇ ಕೇಳ್ತಾರೆ" ಎನ್ನುತ್ತಾರೆ ರೀಲಕ್ಕ.

ಬಾಸ್ ಎಂಬ ದೊಡ್ಡ ಬೇಟೆಮೀನಿಗೆಂದು ಬಂದವರಿಗೆ ಮೊದಲು ಬೆಲೆ ಹೇಳುವುದಿಲ್ಲ. ಅವರದೇ ಗಾಳದ ಕೋಲಿಗೆ ರೀಲು ಸಿಕ್ಕಿಸಿ ಹತ್ತು ನಿಮಿಷ ಹಿಡಿಸುತ್ತಾರೆ. "ಅಂಗಡೀಲಿ ಹೂವು ಅನ್ಸಿದ್ದು ಮಧ್ಯಾಹ್ನಕ್ಕೆ ಕಲ್ಲಾಗುತ್ತೆ. ಬಾಸ್ ನೀರಿಂದ ಮೇಲೆ ಹಾರಿ ತಲೆ ಒದರುತ್ತೆ. ಆಗ ರೀಲು ದಾರಾನ ಇಷ್ಟಿಷ್ಟೇ ಬಿಟ್ಕೊಡ್ಬೇಕು. ಬಿಗಿ ಹಿಡಿದ್ರೆ ಮೀನೂ ಇಲ್ಲ, ದಾರಾನೂ ಇಲ್ಲ."

ಹೋದ ವರ್ಷ ನಿವೃತ್ತ ಬಸ್ ಡ್ರೈವರೊಬ್ಬರು ಮಗಳ ತೋಳು ಹಿಡಿದು ಬಂದರು. ಪಾರ್ಶ್ವವಾಯು ಹೊಡೆದು ಬಲಗೈ ಬೆರಳು ಮಡಚುತ್ತಿರಲಿಲ್ಲ. ಕೋಲು, ರೀಲು ಎರಡನ್ನೂ ಕೌಂಟರ್ ಮೇಲಿಟ್ಟು, "ಯಾರಿಗಾದ್ರೂ ಕೊಟ್ಬಿಡಿ" ಎಂದರು.

"ಅದಿರ್ಲಿ. ಕೈ ಕೊಡಿ ಇಲ್ಲಿ" ಎಂದರು ರೀಲಕ್ಕ.

ಬೆರಳು ಹಿಡಿಯದು, ಆದರೆ ತೋಳು ಸುತ್ತುತ್ತದೆ. ಎಡಗೈ ಗಟ್ಟಿಯಾಗಿದೆ. ಕೋಲನ್ನು ಎಡಗೈಗೆ ಕೊಟ್ಟು, ರೀಲಿನ ಹಿಡಿಯನ್ನು ಬಲಬದಿಗೆ ಹಾಕಿದರಾಯಿತು. ಮಾಲೀಕರು ಅಂಗಡಿಯ ಅತಿ ದುಬಾರಿ ರೀಲನ್ನೇ ತಂದು ತೋರಿಸಿದರು. ರೀಲಕ್ಕ ಒಪ್ಪಲಿಲ್ಲ. "ಅದರ ಹಿಡೀನೂ ಕಡಲೆಬೀಜದಷ್ಟೇ ಇದೆ, ಇವ್ರ ಬೆರಳಿಗೆ ಸಿಗಲ್ಲ." ಹಗುರವಾದ, ಸಾಧಾರಣ ಬೆಲೆಯದನ್ನು ಆರಿಸಿ, ಅದರ ಹಿಡಿಗೆ ಅಂಗೈ ತುಂಬುವ ಮರದ ಗುಂಡು ಕೂರಿಸಲು ಹೊರಟರು. ಮೊದಲನೆಯದು ಜಾರಿತು. ಎರಡನೆಯದು ಭಾರವಾಗಿ ರೀಲೇ ಅಲುಗಾಡಿತು.

"ಬಿಡಮ್ಮ, ನನ್ನ ಕಾಲ ಮುಗೀತು" ಎಂದರು ಡ್ರೈವರ್.

"ಬಸ್ಸು ಸ್ಟಾರ್ಟ್ ಆಗ್ಲಿಲ್ಲ ಅಂತ ಪ್ಯಾಸೆಂಜರನ್ನ ಮನೆಗೆ ಕಳಿಸ್ತಿದ್ರಾ? ಇಳಿದು ತಳ್ಳಿ ಅಂತಿರ್ಲಿಲ್ವಾ?"

ಒಂಬತ್ತನೇ ದಿನ ಮೂರನೇ ಗುಂಡು ಅಂಗೈಗೆ ಕೂತಿತು. ಮುಂದಿನ ಭಾನುವಾರ ಅಪ್ಪ, ಮಗಳು ದಂಡೆಯಲ್ಲಿ ಮೂರು ತಾಸು ಗಾಳ ಹಾಕಿ ಕೂತರು. ಆಮೇಲೆ ಕೋಲು ಬಾಗಿತು. ಮಗಳು ಕೈ ಚಾಚಿದಳು. "ಮುಟ್ಬೇಡ" ಎಂದರು ಅಪ್ಪ. ಬಾಸ್ ಎರಡು ಸಲ ಹಾರಿತು. ಅವರು ಬೆವರುತ್ತ ಸುತ್ತುತ್ತಲೇ ಇದ್ದರು. ದಡಕ್ಕೆ ಬಂದ ಮೀನನ್ನು ಸ್ವಲ್ಪ ಹೊತ್ತು ನೋಡಿ, ಮಗಳ ಕೈಯಲ್ಲಿ ಮತ್ತೆ ನೀರಿಗೆ ಬಿಡಿಸಿದರು.

ಇದನ್ನೆಲ್ಲ ಮಗಳು ಬಂದು ಹೇಳಿದ್ದು. ಡ್ರೈವರ್ ಏನೆಂದರು ಎಂದು ಕೇಳಿದರೆ ರೀಲಕ್ಕ ನಗುತ್ತಾರೆ.

"ಅವ್ರು ಥ್ಯಾಂಕ್ಸ್ ಏನೂ ಹೇಳ್ಲಿಲ್ಲ. ತಿಂಗಳಾದ್ಮೇಲೆ ಬಂದು, ದಾರ ಸಿಕ್ಕಾಗ್ತಿದೆ, ಎಂಥಾ ರೀಲು ಕೊಟ್ಟೆ ಅಂತ ಜಗಳಕ್ಕೆ ನಿಂತ್ರು. ಎಲ್ಲಾ ಗಿರಾಕಿಗಳ ಥರಾನೇ. ನಂಗೆ ಅಷ್ಟು ಸಾಕು."