ಹನುಮಪ್ಪನ ಗುಡಿ ಮುಂದಿನ ಓಟ

ನಿಜಾಮನ ಆಳ್ವಿಕೆ ಮುಗಿದ ಹೊಸತರ ಮಾತು. ಸಾಲೆಯ ಮಕ್ಕಳ ಓಟ ಪರೀಕ್ಷಿಸಲು ಬಂದ ಸಾಹೇಬರನ್ನು ಯಾದಗಿರಿಯಿಂದ ಮುದನಾಳಕ್ಕೆ ನನ್ನ ಬಂಡಿಯಲ್ಲೇ ಕರೆತಂದೆ. ನಾವು ಇಳಿಯುವಾಗ ಮಕ್ಕಳು ಮುಟ್ಟಾಟ ಆಡುತ್ತ, ನನ್ನ ಎತ್ತುಗಳು ಬೆದರುವಷ್ಟು ಜೋರಾಗಿ ಹನುಮಪ್ಪನ ಗುಡಿ ದಾಟಿ ಓಡಿದರು. ಸಾಹೇಬರಿಗೆ ಖುಷಿಯಾಯಿತು.

ಆಮೇಲೆ ಅವರು ಓಟದ ಹೊತ್ತು ಅಳೆಯುವ, ಗುಂಡಿ ಒತ್ತುವ ಗಡಿಯಾರ ಹಿಡಿದು ಸೀಟಿ ಊದಿದರು. ಅದೇ ಮಕ್ಕಳು ಓಡಿಬಂದು ಗುಡಿಯ ಮುಂದೆ ಗಕ್ಕನೆ ನಿಂತು, ಕೈಮುಗಿದು, ಗಲ್ಲ ಬಡಿದುಕೊಂಡು ಮುಂದೆ ಹೋದರು. ಹೊತ್ತು ಮೀರಿ ಒಬ್ಬರೂ ಪಾಸಾಗಲಿಲ್ಲ. ಮಾಸ್ತರರ ಮುಖ ಬಾಡಿತು. ಮಕ್ಕಳು ನಪಾಸಾದರೆ ಅವರಿಗೆ ದೂರದೂರಿಗೆ ವರ್ಗ ಆಗುವುದಿತ್ತು.

“ಆಗ ಆಡುವಾಗ ನಿಲ್ಲಲಿಲ್ಲ, ಈಗ್ಯಾಕ ನಿಂತಿ?” ಎಂದು ಸಾಹೇಬರು ಮುಂದಿದ್ದ ಹುಡುಗಿಯನ್ನು ಕೇಳಿದರು.

“ಅದು ಆಟರಿ. ಇದು ಪರೀಕ್ಷಾ ಅಲ್ರಿ? ದೇವರಿಗಿ ಕೈಮುಗೀಲಾರದ ಹೆಂಗ ಪಾಸಾಗೋದ್ರಿ?”

ಸಾಹೇಬರು ಗಡಿಯಾರವನ್ನು ನನ್ನ ಕೈಗಿಟ್ಟು, “ನಾ ಮುಟ್ಟಾಕ ಬರ್ತೀನಿ, ಓಡ್ರಿ” ಎಂದು ತಾವೇ ಬೆನ್ನಟ್ಟಿದರು. ಒಂದು ಮಗುವೂ ಅವರ ಕೈಗೆ ಸಿಗಲಿಲ್ಲ. ಏದುಸಿರು ಬಿಡುತ್ತ ಬಂದು, “ಎಷ್ಟಾತು?” ಎಂದರು.

ನೋಡುತ್ತ ನಿಂತ ನಾನು ಗಡಿಯಾರ ಒತ್ತುವುದನ್ನೇ ಮರೆತಿದ್ದೆ. “ಎಲ್ಲಾರೂ ನಿಮಗಿಂತ ಜೋರ್ ಅದಾರ್ರಿ” ಎಂದೆ. ಅವರು ನಕ್ಕು ಎಲ್ಲರ ಹೆಸರಿನ ಮುಂದೆಯೂ ಪಾಸ್ ಎಂದು ಬರೆದರು.

ಪರೀಕ್ಷೆ ನಡೆಸುವವರು ಯಾರಾದರೂ ಸಿಕ್ಕರೆ ಈ ಸಂಗತಿ ಹೇಳಿರಿ. ಮಕ್ಕಳಿಗೆ ಹೇಳಬೇಕಿಲ್ಲ, ಅವರಿಗೆ ಗೊತ್ತೇ ಇದೆ.